ಹಣ್ಣಡಿಕೆ ಬಣ್ಣದ ಕ್ಯಾಲಿಪರ್

ಗಾಡಿ ಮಾತು: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಬ್ರೇಕ್ ಕ್ಯಾಲಿಪರ್‌ಗೆ, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಹಿಡಿದು ನಿಲ್ಲಿಸುವ ಭಾಗಕ್ಕೆ, ಬಣ್ಣ ಹೊಡೆಯುವುದು. ಮೊದಲೆಲ್ಲ ನಮ್ಮ ಕಾಸರಗೋಡಿನ ಮುಳ್ಳೇರಿಯಾ ಕಡೆ ಇದನ್ನು ಕೇಳುವವರೇ ಇರಲಿಲ್ಲ. ಚಕ್ರಕ್ಕೆ ಪ್ಲಾಸ್ಟಿಕ್ ಕಪ್ ಇತ್ತು, ಒಳಗಿನದ್ದು ಯಾರಿಗೂ ಕಾಣುತ್ತಿರಲಿಲ್ಲ. ಈಗ ಅಲಾಯ್ ಚಕ್ರ ಬಂದು ಎಲ್ಲವೂ ಕಾಣುತ್ತದೆ. ಒಂದು ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಚಿಕ್ಕದಾಗಿ.

ಪ್ರಶ್ನೆ: ಅಣ್ಣಾ, ನಮಸ್ಕಾರ. ನನ್ನ ಹತ್ತಿರ 2018ರ ಬಿಳಿ ಸ್ವಿಫ್ಟ್ ಇದೆ. ಅಲಾಯ್ ಹಾಕಿಸಿದ ಮೇಲೆ ಒಳಗೆ ತುಕ್ಕು ಹಿಡಿದ ಕ್ಯಾಲಿಪರ್ ಕಣ್ಣಿಗೆ ಹೊಡೆಯುತ್ತದೆ. ಎಲ್ಲರೂ ಕೆಂಪು ಹೊಡೆಸುತ್ತಾರೆ. ನನಗೆ ಹಣ್ಣಡಿಕೆಯ ಬಣ್ಣ ಬೇಕು, ನಮ್ಮ ಅಂಗಳದಲ್ಲಿ ಒಣಗಲು ಹಾಕಿದಾಗ ಇರುತ್ತದಲ್ಲ, ಆ ಬಣ್ಣ. ಒಂದು ಕಡೆ ಕೇಳಿದೆ, ಚಕ್ರ ಬಿಚ್ಚದೆಯೇ ಅರ್ಧ ಗಂಟೆಯಲ್ಲಿ ಸ್ಪ್ರೇ ಮಾಡಿ ಕೊಡುತ್ತೇವೆ ಅಂದರು. ಇನ್ನೊಂದು ಕಡೆ ಸೈಲೆನ್ಸರ್ ಪೇಂಟ್ ಸಾಕು ಅಂದರು. ಅಪ್ಪ ಮಾತ್ರ ಬ್ರೇಕ್ ಮುಟ್ಟಬೇಡ ಅನ್ನುತ್ತಾರೆ. ನಾನೇ ಮನೆಯಲ್ಲಿ ಮಾಡಬಹುದಾ? (ಓದುಗರು, ಪೆರ್ಲ)

ಉತ್ತರ: ಬಣ್ಣ ಕೇಳಿಯೇ ನನಗೆ ಖುಷಿಯಾಯಿತು. 30 ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಹಣ್ಣಡಿಕೆ ಬಣ್ಣ ಕೇಳಿದವರು ನೀವೇ ಮೊದಲು. ಅಪ್ಪ ಹೇಳುವುದರಲ್ಲೂ ಸತ್ಯ ಇದೆ. ಬ್ರೇಕಿನಲ್ಲಿ ಬಣ್ಣ ಮುಟ್ಟಬಾರದ ಜಾಗಗಳು ಇವೆ. ಅವನ್ನು ತಿಳಿದುಕೊಂಡರೆ ಉಳಿದ ಜಾಗಕ್ಕೆ ಧೈರ್ಯವಾಗಿ ಹೊಡೆಯಬಹುದು.

ಮೊದಲು ಕ್ಯಾಲಿಪರ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ. ನಿಮ್ಮ ಸ್ವಿಫ್ಟ್‌ನಲ್ಲಿ ಪಿಸ್ಟನ್ ಒಳಬದಿಗೆ ಮಾತ್ರ ಇದೆ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಅಂದರೆ ಅದು ಜಾರಬೇಕು. ದಿನಕ್ಕೆ ನೂರಾರು ಸಲ, ಕೂದಲೆಳೆಯಷ್ಟು ಜಾರಿ ವಾಪಸ್ ಬರಬೇಕು. ಪಿನ್‌ಗೆ ಬಣ್ಣ ಹೋದರೆ ಜಾರುವುದಿಲ್ಲ. ಪ್ಯಾಡಿನ ಎರಡು ಕಿವಿಗಳು ಕೂರುವ ತೋಡಿನಲ್ಲಿ ಬಣ್ಣ ಕೂತರೆ ಪ್ಯಾಡ್ ಸಿಕ್ಕಿಕೊಳ್ಳುತ್ತದೆ. ಪಿಸ್ಟನ್ ಸುತ್ತ ಇರುವ ರಬ್ಬರ್ ಬೂಟಿಗೆ ಬಣ್ಣ ಹೋದರೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಒಳಗೆ ಹೋಗುತ್ತದೆ. ಬ್ಲೀಡರ್ ನಿಪ್ಪಲ್‌ನ ತೂತಿಗೆ ಹೋದರೆ ಮುಂದೆ ಬ್ರೇಕ್ ಆಯಿಲ್‌ನಲ್ಲಿ ಸೇರಿದ ಏರನ್ನು ಅಲ್ಲಿಂದ ತೆಗೆಯುವವನಿಗೆ ಕಷ್ಟ. ಡಿಸ್ಕ್‌ಗೂ ಪ್ಯಾಡ್‌ಗೂ ಬಣ್ಣ ತಾಗಬಾರದು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಇನ್ನೊಂದು ಜಾಗ ಎಲ್ಲರೂ ಮರೆಯುತ್ತಾರೆ. ಚಕ್ರ ಬಂದು ಒರಗುವ ಹಬ್‌ನ ಮುಖ. ಅಲ್ಲಿ ಬಣ್ಣ ಕೂತರೆ ನಟ್ಟು ಬಿಗಿ ಮಾಡಿದಾಗ ಚಕ್ರ ಕಬ್ಬಿಣದ ಮೇಲೆ ಕೂರುವುದಿಲ್ಲ, ಬಣ್ಣದ ಮೇಲೆ ಕೂರುತ್ತದೆ. ಓಡಿಸುತ್ತಾ ಆ ಬಣ್ಣ ಪುಡಿಯಾಗುತ್ತದೆ. ನಟ್ಟು ಸಡಿಲವಾಗುತ್ತದೆ. ಹಾಗಾಗಿ ಚಕ್ರ ಬಿಚ್ಚದೆ ಅರ್ಧ ಗಂಟೆಯಲ್ಲಿ ಸ್ಪ್ರೇ ಹೊಡೆಯುವವರ ಹತ್ತಿರ ದಯವಿಟ್ಟು ಹೋಗಬೇಡಿ. ಸ್ಪ್ರೇ ಮಂಜಿನ ಹಾಗೆ ಎಲ್ಲಾ ಕಡೆ ಹೋಗುತ್ತದೆ. ಚಕ್ರದ ಸಂದಿನಿಂದ ಹೊಡೆದರೆ ಎಲ್ಲಿ ಏನು ತಾಗಿತು ಅಂತ ಯಾರಿಗೂ ಕಾಣುವುದಿಲ್ಲ.

ಈಗ ಸೈಲೆನ್ಸರ್ ಪೇಂಟ್ ವಿಷಯ. ಡಬ್ಬಿಯ ಮೇಲೆ 600 ಡಿಗ್ರಿ ಅಂತ ಬರೆದಿರುತ್ತದೆ. ಅದನ್ನು ನೋಡಿ ಜನ ಬ್ರೇಕಿಗೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಆ ಬಣ್ಣ ಗಟ್ಟಿಯಾಗಲು ಒಮ್ಮೆ ಚೆನ್ನಾಗಿ ಕಾಯಲೇಬೇಕು. ಸೈಲೆನ್ಸರ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಅಷ್ಟು ಕಾಯುತ್ತದೆ. ಕ್ಯಾಲಿಪರ್ ಹಾಗಲ್ಲ. ಪೆರ್ಲದಿಂದ ಬದಿಯಡ್ಕಕ್ಕೆ ಹೋಗಿ ಬರುವ ಓಡಾಟದಲ್ಲಿ ಡಿಸ್ಕ್ ಬಿಸಿಯಾಗಬಹುದು, ಕ್ಯಾಲಿಪರ್ ಮೈ ಅಷ್ಟು ಕಾಯುವುದಿಲ್ಲ. ಬಣ್ಣ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿಯೇ ಇರುತ್ತದೆ. ಒಂದು ಹನಿ ಬ್ರೇಕ್ ಆಯಿಲ್ ಬಿದ್ದರೆ ಸಿಪ್ಪೆ ಎದ್ದು ಬರುತ್ತದೆ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯ ಆಯಿಲ್, ಬಣ್ಣ ತಿನ್ನುವುದರಲ್ಲಿ ಅವುಗಳನ್ನು ಮೀರಿಸಿದ್ದು ಇಲ್ಲ.

ಬೇಕಾದದ್ದು ಎರಡು ಡಬ್ಬಿಯ ಎಪಾಕ್ಸಿ ಕ್ಯಾಲಿಪರ್ ಪೇಂಟ್. ಒಂದರಲ್ಲಿ ಬಣ್ಣ, ಒಂದರಲ್ಲಿ ಹಾರ್ಡ್‌ನರ್. ಬೆರೆಸಿ ಬ್ರಷ್‌ನಲ್ಲಿ ಹಚ್ಚುವಂಥದ್ದು. ಅದು ಬಿಸಿಯಿಂದ ಗಟ್ಟಿಯಾಗುವುದಲ್ಲ, ಹಾರ್ಡ್‌ನರ್‌ನಿಂದ ಗಟ್ಟಿಯಾಗುತ್ತದೆ. ಬ್ರೇಕ್ ಆಯಿಲ್‌ಗೂ ಮಣಿಯುವುದಿಲ್ಲ. ಬ್ರಷ್ ಆದ್ದರಿಂದ ಎಲ್ಲಿಗೆ ಬೇಕೋ ಅಲ್ಲಿಗೆ ಮಾತ್ರ ಹೋಗುತ್ತದೆ. ನಮ್ಮ ಕಡೆಯ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ಕ್ಯಾಲಿಪರ್ ಪೇಂಟ್ ಎಂದೇ ಹೇಳಿ. ಹೀಟ್ ಪೇಂಟ್ ಅಂದರೆ ಸೈಲೆನ್ಸರ್‌ದ್ದನ್ನೇ ಕೊಡುತ್ತಾರೆ.

ಇನ್ನು ನಿಮ್ಮ ಹಣ್ಣಡಿಕೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಅಂಗಳಕ್ಕೆ ಹಾಕಿದ ಮೊದಲ ದಿನದ ಬಣ್ಣವೋ, ನಾಲ್ಕನೇ ದಿನದ್ದೋ? ಮೊದಲ ದಿನ ಹೊಳೆಯುವ ಕಿತ್ತಳೆ. ನಾಲ್ಕು ದಿನಕ್ಕೆ ಇಟ್ಟಿಗೆ ಕಡೆಗೆ ತಿರುಗಿರುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲ ದಿನದ್ದನ್ನೇ ತೆಗೆದುಕೊಳ್ಳಿ, ಅದಕ್ಕಿಂತಲೂ ಒಂದು ಚೂರು ಹೊಳಪು ಇರಲಿ. ಕ್ಯಾಲಿಪರ್ ಯಾವಾಗಲೂ ಚಕ್ರದ ನೆರಳಲ್ಲಿ ಇರುತ್ತದೆ. ಮೇಲೆ ಪ್ಯಾಡಿನ ಕಪ್ಪು ಹುಡಿ ಕೂರುತ್ತದೆ. ಇವತ್ತು ಸರಿಯಾಗಿ ಕಂಡದ್ದು ಎರಡು ತಿಂಗಳಿಗೆ ಮಂಕಾಗಿ ಕಾಣುತ್ತದೆ.

ಬಣ್ಣ ಬೆರೆಸುವಾಗ ಒಂದೇ ಕಂಪನಿಯ ಹಳದಿ, ಕೆಂಪು ತನ್ನಿ. ಬೇರೆ ಕಂಪನಿಯ ಬಣ್ಣ ಬೆರೆಸಿದರೆ ಹಾರ್ಡ್‌ನರ್ ಹೊಂದದೆ ಅಂಟಂಟಾಗಿ ಉಳಿಯಬಹುದು. ಹಳದಿಗೆ ಕೆಂಪನ್ನು ಹಾಕಿ, ಕೆಂಪಿಗೆ ಹಳದಿಯನ್ನಲ್ಲ. ಕೆಂಪು ಭಾರಿ ಜೋರು. ನಾಲ್ಕು ಚಮಚ ಹಳದಿಗೆ ಅರ್ಧ ಚಮಚದಿಂದ ಶುರು ಮಾಡಿ, ಆಮೇಲೆ ಹನಿ ಹನಿಯಾಗಿ. ಒಂದು ಹಣ್ಣಡಿಕೆಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಹಗಲು ಬೆಳಕಿನಲ್ಲೇ ನೋಡಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಹಾರ್ಡ್‌ನರ್ ಹಾಕುವ ಮೊದಲೇ ಬಣ್ಣ ಕೂಡಿಬರಬೇಕು, ಯಾಕೆಂದರೆ ಅದು ಬಿದ್ದ ಕ್ಷಣದಿಂದ ಸಮಯ ಓಡುತ್ತದೆ. ಮುಂದಿನ ಎರಡೂ ಚಕ್ರಕ್ಕೆ ಬೇಕಾದಷ್ಟನ್ನು ಒಟ್ಟಿಗೇ ಬೆರೆಸಿ. ಎಡಕ್ಕೆ ಇವತ್ತು, ಬಲಕ್ಕೆ ನಾಳೆ ಅಂತ ಬೆರೆಸಿದರೆ ಎರಡು ಮರದ ಅಡಿಕೆ ಆಗುತ್ತದೆ. ಹಾರ್ಡ್‌ನರ್ ಹಾಕದ ಬಣ್ಣ ಸ್ವಲ್ಪ ಚಿಕ್ಕ ಬಾಟ್ಲಿಯಲ್ಲಿ ಎತ್ತಿಡಿ, ಮುಂದೆ ಕಲ್ಲು ತಾಗಿ ಎದ್ದ ಕಡೆ ಹಚ್ಚಲು ಬೇಕಾಗುತ್ತದೆ. ಹಾರ್ಡ್‌ನರ್ ಮಾತ್ರ ಡಬ್ಬಿಯಲ್ಲಿ ಹೇಳಿದ ಅಳತೆಗೇ ಹಾಕಿ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಬಣ್ಣ ಬಿರುಸಾಗಿ ಬಿರುಕು ಬಿಡುತ್ತದೆ.

ಕಿತ್ತಳೆಗೂ ಹಳದಿಗೂ ಇನ್ನೊಂದು ಗುಣ. ಕೆಳಗಿನ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ. ಕಪ್ಪು ಕಬ್ಬಿಣದ ಮೇಲೆ ನೇರ ಹಚ್ಚಿದರೆ ಕೊಳೆತ ಅಡಿಕೆಯ ಹಾಗೆ ಕಾಣುತ್ತದೆ. ಅದೇ ಕಂಪನಿಯ ಬಿಳಿ ಸಿಕ್ಕಿದರೆ ಅಡಿಗೆ ಒಂದು ತೆಳು ಕೋಟ್ ಕೊಡಿ. ಸಿಗದಿದ್ದರೆ ಕಿತ್ತಳೆಯನ್ನೇ ಮೂರು ತೆಳು ಕೋಟ್ ಹಚ್ಚಿ. ಒಂದೇ ಸಲ ದಪ್ಪಗೆ ಬೇಡ, ಇಳಿದು ಹನಿ ನಿಲ್ಲುತ್ತದೆ.

ಕೆಲಸದ ಕ್ರಮ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಇಡಿ. ಜಾಕಿಯನ್ನು ಮಾತ್ರ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕೆಂಪುಕಲ್ಲು ಅಡಿಗೆ ಇಡುವುದನ್ನು ನಾನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಅದು ಒಮ್ಮೆಲೇ ಪುಡಿಯಾಗುತ್ತದೆ, ಬೇಡವೇ ಬೇಡ. ಕ್ಯಾಲಿಪರ್ ಬಿಚ್ಚಿದ ಮೇಲೆ ರಬ್ಬರ್ ಪೈಪಿನಲ್ಲಿ ನೇತಾಡಲು ಬಿಡಬಾರದು. ಒಂದು ಸರಿಗೆಯಲ್ಲಿ ಸ್ಪ್ರಿಂಗಿಗೆ ಕಟ್ಟಿ ನಿಲ್ಲಿಸಿ. ಆಯಿಲ್ ಪೈಪ್ ಬಿಚ್ಚುವ ಅಗತ್ಯವೇ ಇಲ್ಲ. ಕ್ಯಾಲಿಪರ್ ಹೊರಗೆ ಇರುವಾಗ ಯಾರೂ ಪೆಡಲ್ ಒತ್ತದ ಹಾಗೆ ನೋಡಿಕೊಳ್ಳಿ, ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಡೋರ್ ಲಾಕ್ ಮಾಡಿ.

ವಯರ್ ಬ್ರಷ್‌ನಲ್ಲಿ ಕೈಯಿಂದಲೇ ತುಕ್ಕು ತೆಗೆಯಿರಿ. ಗ್ರೈಂಡರ್‌ಗೆ ಬ್ರಷ್ ಸಿಕ್ಕಿಸಿ ರಬ್ಬರ್ ಹತ್ತಿರ ಹೋಗಬೇಡಿ, ಒಂದು ಕ್ಷಣ ಸಾಕು ಬೂಟ್ ಹರಿಯಲು. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಪ್ಯಾಡಿನ ಹುಡಿಗೆ ಏರ್ ಹೊಡೆಯಬೇಡಿ, ಅದು ಶ್ವಾಸಕ್ಕೆ ಕೆಟ್ಟದ್ದು. ಆಮೇಲೆ ಬ್ರೇಕ್ ಕ್ಲೀನರ್‌ನಲ್ಲಿ ಎರಡು ಸಲ ತೊಳೆದು, ಎಮರಿ ಪೇಪರ್ ಆಡಿಸಿ, ಮತ್ತೊಮ್ಮೆ ತೊಳೆಯಿರಿ.

ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಮಾತ್ರ ಮುಟ್ಟಿಸಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳು. ಒಂದು ಮಾರುತಿ ಜೆನ್ ಬಂದಿತ್ತು. ಕ್ಯಾಲಿಪರ್ ತುಂಬಾ ಕೊಳೆ. ಎಂಜಿನ್ ಭಾಗಗಳನ್ನು ತೊಳೆಯುವ ಹಾಗೆ ಅದನ್ನೂ ಸೀಮೆಎಣ್ಣೆಯ ಬಾಣಲೆಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಫಳಫಳ ಹೊಳೆಯುತ್ತಿತ್ತು. ಬ್ರೇಕಿನ ರಬ್ಬರ್ ಬೇರೆ ಜಾತಿಯದ್ದು, ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಒಂದು ವಾರದ ನಂತರ ಆ ಮನೆಯವರು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುತ್ತಿದ್ದಾಗ ಎಡಗಡೆ ಬ್ರೇಕ್ ಹಿಡಿದದ್ದು ಬಿಡಲೇ ಇಲ್ಲ. ಕಾರು ಎಡಕ್ಕೆ ಎಳೆಯುತ್ತಿತ್ತು, ಸುಟ್ಟ ವಾಸನೆ. ಬದಿಗೆ ನಿಲ್ಲಿಸಿ ಎರಡು ಗಂಟೆ ಕಾದು, ನಿಧಾನವಾಗಿ ಊರು ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳಿದ್ದರು. ಆ ತಾಯಿ ವರ್ಕ್‌ಶಾಪಿಗೆ ಬಂದು ಒಂದು ಮಾತೂ ಬೈಯದೆ ನನ್ನನ್ನು ನೋಡಿ ನಿಂತದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಅವತ್ತಿನಿಂದ ಬ್ರೇಕ್ ಕೆಲಸವನ್ನು ನಾನು ಯಾವ ಹುಡುಗನಿಗೂ ಒಬ್ಬನೇ ಮಾಡಲು ಬಿಟ್ಟಿಲ್ಲ. ನೀವೂ ಮೊದಲ ಸಲ ಒಬ್ಬರೇ ಮಾಡಬೇಡಿ. ಗೊತ್ತಿರುವ ಒಬ್ಬ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಬಣ್ಣ ನೀವೇ ಹಚ್ಚಿ, ಬಿಚ್ಚುವುದು ಕೂಡಿಸುವುದು ಅವರು ನೋಡಲಿ.

ಕ್ಯಾಲಿಪರ್ ಬಿಚ್ಚಿದ್ದೇ ಬಿಚ್ಚಿದ್ದು, ಆ ಎರಡು ಪಿನ್ ಎಳೆದು ನೋಡಿ. ಕೈಯಲ್ಲಿ ಸಲೀಸಾಗಿ ಜಾರಬೇಕು. ಒಣಗಿದ್ದರೆ ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿ, ಮಾಮೂಲಿ ಗ್ರೀಸ್ ಅಲ್ಲ. ಮಾಮೂಲಿ ಗ್ರೀಸ್ ಕೂಡ ಆ ರಬ್ಬರನ್ನು ಊದಿಸುತ್ತದೆ. ಪಿನ್ನಿನ ರಬ್ಬರ್ ಹರಿದಿದ್ದರೆ ಬದಲಾಯಿಸಿ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಜೊತೆಗೆ ಸಮುದ್ರದ ಗಾಳಿ. ನನ್ನ ವರ್ಕ್‌ಶಾಪಿಗೆ ಬರುವ ಕಾರುಗಳಲ್ಲಿ ಬ್ರೇಕ್ ಹಿಡಿದುಕೊಳ್ಳುವುದಕ್ಕೆ ಹೆಚ್ಚಾಗಿ ಕಾರಣ ಈ ಪಿನ್‌ಗಳೇ. ನಿಜ ಹೇಳಬೇಕೆಂದರೆ ನಿಮ್ಮ ಪತ್ರ ನನಗೆ ಇಷ್ಟವಾದದ್ದು ಇದಕ್ಕೇ. ಬಣ್ಣದ ನೆಪದಲ್ಲಾದರೂ ಆ ಪಿನ್ನನ್ನು ಯಾರೋ ಒಬ್ಬರು ನೋಡುತ್ತಾರೆ.

ಸಮಯ ಯಾವುದು? ಪತ್ತನಾಜೆಗೆ ಮುಂಚೆ, ಅಂದರೆ ಮೇ ಕೊನೆಗೆ ಮಳೆ ಶುರುವಾಗುವ ಮೊದಲು ಮುಗಿಸಿ. ಮಳೆ ಹಿಡಿದ ಮೇಲೆ ತೊಳೆದ ಕಬ್ಬಿಣ ಊಟ ಮಾಡಿ ಬರುವಷ್ಟರಲ್ಲಿ ಕಂದು ತಿರುಗಿರುತ್ತದೆ, ಎಪಾಕ್ಸಿಯೂ ತೇವದಲ್ಲಿ ಮಂಕಾಗುತ್ತದೆ. ತುಕ್ಕು ತೆಗೆದ ದಿನವೇ ಬಣ್ಣ ಹಚ್ಚಬೇಕು. ಹಚ್ಚಿದ ಮೇಲೆ ಕನಿಷ್ಠ 24 ಗಂಟೆ ಬಿಡಿ, ಡಬ್ಬಿಯಲ್ಲಿ ಜಾಸ್ತಿ ಹೇಳಿದ್ದರೆ ಅಷ್ಟು ಬಿಡಿ.

ಕೂಡಿಸುವಾಗ ಪಿಸ್ಟನ್ ಹಿಂದಕ್ಕೆ ಒತ್ತಬೇಕಾಗುತ್ತದೆ. ಆಗ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಉಕ್ಕಿ ಬಾಡಿಯ ಮೇಲೆ ಬಿದ್ದರೆ ಬಿಳಿ ಬಣ್ಣ ಹಾಳು. ಒಂದು ಬಟ್ಟೆ ಸುತ್ತಿಡಿ. ಬೋಲ್ಟುಗಳನ್ನು ಟಾರ್ಕ್ ಪಾನದಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿಸಿ. ಕಾರು ತೆಗೆಯುವ ಮೊದಲು ಪೆಡಲನ್ನು ಹಲವು ಸಲ ಒತ್ತಿ, ಗಟ್ಟಿಯಾಗುವ ತನಕ. ಮೊದಲ ಒತ್ತಿಗೆ ಪೆಡಲ್ ತಳಕ್ಕೇ ಹೋಗುತ್ತದೆ. ಅದನ್ನು ಅಂಗಳದಲ್ಲೇ ಮಾಡಬೇಕು, ಗೇಟು ದಾಟಿದ ಮೇಲಲ್ಲ.

ಆದ ಮೇಲೆ ಒಂದು ಫೋಟೋ ಕಳಿಸಿ. ಪಕ್ಕದಲ್ಲಿ ಒಂದು ಹಣ್ಣಡಿಕೆಯೂ ಇರಲಿ.

ಪ್ರಶ್ನೆ: ಹಳದಿ ಕ್ಯಾಲಿಪರ್ ಇದ್ದರೆ ಬ್ರೇಕ್ ಪವರ್ ಜಾಸ್ತಿ ಅನ್ನುತ್ತಾರೆ, ಹೌದಾ? ಬ್ರೆಂಬೋ ಅಂತ ಬರೆದ ಪ್ಲಾಸ್ಟಿಕ್ ಕವರ್ ಸಿಗುತ್ತದೆ, ಹಾಕಬಹುದಾ? (ಓದುಗರು, ಉಪ್ಪಳ)

ಉತ್ತರ: ಬಣ್ಣದಿಂದ ಪವರ್ ಬರುವುದಿಲ್ಲ. ಈ ಮಾತು ಎಲ್ಲಿಂದ ಬಂತು ಅಂದರೆ, ಪೋರ್ಷ ಕಾರುಗಳಲ್ಲಿ ಸೆರಾಮಿಕ್ ಡಿಸ್ಕ್ ಇರುವ ಬ್ರೇಕಿಗೆ ಹಳದಿ ಕ್ಯಾಲಿಪರ್ ಕೊಡುತ್ತಿದ್ದರು. ಅವರ ಹೈಬ್ರಿಡ್ ಗಾಡಿಗಳಿಗೆ ಎಳೆ ಹಸಿರು. ಒಳಗೆ ಯಾವ ಬ್ರೇಕ್ ಇದೆ ಅಂತ ಬಣ್ಣ ತೋರಿಸುತ್ತಿತ್ತು, ಅಷ್ಟೇ. ಬ್ರೆಂಬೋ ಇಟಲಿಯ ಬೆರ್ಗಾಮೋ ಹತ್ತಿರ 1961ರಲ್ಲಿ ಶುರುವಾದ ಬ್ರೇಕ್ ಕಂಪನಿ. ಅವರ ಕೆಂಪು ಕ್ಯಾಲಿಪರ್ ರೇಸ್ ನೋಡುವವರಿಗೆಲ್ಲ ಗೊತ್ತು.

ಪ್ಲಾಸ್ಟಿಕ್ ಕವರ್ ಬೇಡ ಮಾರಾಯ್ರೇ. ಬಿಸಿ ಹೊರಗೆ ಹೋಗಲು ಬಿಡುವುದಿಲ್ಲ, ಮಳೆಗಾಲದಲ್ಲಿ ಕೆಸರು ತುಂಬಿ ಕೂರುತ್ತದೆ. ಕಳಚಿ ಚಕ್ರಕ್ಕೆ ಉಜ್ಜಿದ್ದನ್ನು ನಾನೇ ಎರಡು ಸಲ ಬಿಚ್ಚಿದ್ದೇನೆ. ಬೇರೆ ಕಂಪನಿಯ ಹೆಸರನ್ನು ಮಾಮೂಲಿ ಬ್ರೇಕಿನ ಮೇಲೆ ಅಂಟಿಸುವುದು ನನಗೆ ಇಷ್ಟವಿಲ್ಲ. ನಾಳೆ ಆ ಕಾರನ್ನು ಕೊಳ್ಳುವವರು ಅದನ್ನು ನಂಬುತ್ತಾರೆ.

ಪ್ರಶ್ನೆ: ನಮ್ಮ ಮನೆ ಕಡಲಿನ ಹತ್ತಿರ. ಎರಡು ದಿನ ಕಾರು ತೆಗೆಯದಿದ್ದರೆ ಡಿಸ್ಕ್ ಮೇಲೆ ಕಂದು ತುಕ್ಕು. ಡಿಸ್ಕ್‌ಗೂ ಪೇಂಟ್ ಹೊಡೆಯಲಾ? ಹಿಂದಿನ ಡ್ರಮ್‌ಗೆ? (ಓದುಗರು, ಮಂಜೇಶ್ವರ)

ಉತ್ತರ: ಪ್ಯಾಡ್ ಉಜ್ಜುವ ಜಾಗಕ್ಕೆ ಯಾವತ್ತೂ ಬೇಡ. ಆ ಕಂದು ಬರೀ ಮೇಲ್ಮೈಯದ್ದು. ಗೇಟಿನಿಂದ ಹೊರಟು ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಡಿಸ್ಕಿನ ನಡುವಿನ ಟೋಪಿಯಂಥ ಭಾಗಕ್ಕೆ, ಚಕ್ರ ಒರಗುವ ಮುಖ ಬಿಟ್ಟು, ಹಚ್ಚಬಹುದು. ಡ್ರಮ್‌ನ ಹೊರಮೈಗೂ ಅದೇ ಕ್ಯಾಲಿಪರ್ ಪೇಂಟ್ ತೆಳುವಾಗಿ ಸಾಕು.

ಅಡಿಕೆ ತೋಟ ಇರುವವರಿಗೆ ಇನ್ನೊಂದು ಮಾತು. ಮದ್ದು ಬೆರೆಸುವ ಜಾಗದ ಪಕ್ಕ ಕಾರು ನಿಲ್ಲಿಸಬೇಡಿ. ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಅಡಿಕೆಯ ಮದ್ದು) ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೇವಲ್ಲ. ಸುಣ್ಣ ಕಡಿಮೆಯಾದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಮೈಲುತುತ್ತಿನ ನೀರು ಬ್ರೇಕಿನ ಕಬ್ಬಿಣಕ್ಕೂ ಅದನ್ನೇ ಮಾಡುತ್ತದೆ. ಸಿಡಿದರೆ ಆ ದಿನವೇ ಒಳ್ಳೆಯ ನೀರಲ್ಲಿ ತೊಳೆಯಿರಿ.

ಪ್ರಶ್ನೆ: ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕಾ? (ಓದುಗರು, ಕುಂಬಳೆ)

ಉತ್ತರ: ಆರ್‌ಸಿಯಲ್ಲಿ ಇರುವುದು ಗಾಡಿಯ ಬಾಡಿಯ ಬಣ್ಣ. ಕ್ಯಾಲಿಪರ್ ಬಣ್ಣದ ಲೆಕ್ಕ ಅಲ್ಲಿ ಇಲ್ಲ. ಆದರೆ ಬಾಡಿಯ ಬಣ್ಣವನ್ನೇ ಬದಲಿಸುವುದಾದರೆ ಮೊದಲು ಆರ್‌ಟಿ ಆಫೀಸಿನಲ್ಲಿ ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ಮಗ ಕಾರಿನ ಬ್ರೇಕಿಗೆ ಬಣ್ಣ ಹೊಡೆಸಬೇಕು ಅಂತ ಹಟ ಹಿಡಿದಿದ್ದಾನೆ. ಸುಮ್ನೆ ದುಡ್ಡು ಹಾಳಲ್ವಾ? (ಒಬ್ಬ ತಾಯಿ, ನೀರ್ಚಾಲು)

ಉತ್ತರ: ಹಾಳಲ್ಲ ಅಕ್ಕಾ. ಹೊಡೆಸಲಿ. ಚಕ್ರ ಬಿಚ್ಚಿದ ದಿನ ನೀವೂ ಹತ್ತಿರ ಹೋಗಿ ನಿಲ್ಲಿ. ಪ್ಯಾಡ್ ತೋರಿಸು ಅಂತ ಮಗನ ಹತ್ತಿರ ಕೇಳಿ. ಒಳಗಿನದ್ದು, ಹೊರಗಿನದ್ದು, ಎರಡನ್ನೂ ಅಕ್ಕಪಕ್ಕ ಇಟ್ಟು ದಪ್ಪ ನೋಡಿ. ಒಂದು ತುಂಬಾ ಸವೆದು ಇನ್ನೊಂದು ಹಾಗೇ ಇದ್ದರೆ ಪಿನ್ ಜಾರುತ್ತಿಲ್ಲ ಅಂತ ಅರ್ಥ. ಯಾವುದೇ ಪ್ಯಾಡ್, ಕಬ್ಬಿಣದ ಪಟ್ಟಿ ಬಿಟ್ಟು, 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬಣ್ಣದ ಡಬ್ಬಿ ಮುಚ್ಚಿಟ್ಟು, ಮೊದಲು ಹೊಸ ಪ್ಯಾಡ್ ತರಲು ಕಳಿಸಿ.